ಮದ್ದು ಬಿಡುವ ದಿನದ ಪಾಸ್ತಾ

ನಮ್ಮ ಗುತ್ತಿಗಾರು ಕಡೆ ತೋಟ ಇರುವ ಮನೆಗಳಲ್ಲಿ ಮಳೆಗಾಲದ ರಾತ್ರಿಗೆ ಎಂತ ಅಡುಗೆ ಎಂಬುದು ಆಕಾಶ ನೋಡಿ ನಿಶ್ಚಯವಾಗುತ್ತದೆ. ಮಳೆ ಸ್ವಲ್ಪ ಬಿಟ್ಟು ಬಿಸಿಲು ಕಂಡಿತೋ, ಅಡಿಕೆಗೆ ಮದ್ದು ಬಿಡುವ ಗಡಿಬಿಡಿ. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಮಳೆಗಾಲದ ಬಾಗಿಲಲ್ಲೇ ಒಂದು ಸಲ ಗೊನೆಗೆ ಬಿದ್ದರೆ 40–45 ದಿನಕ್ಕೆ ಇನ್ನೊಂದು ಸಲ ಬೀಳಲೇಬೇಕು, ಇಲ್ಲವಾದರೆ ಕೊಳೆರೋಗ ಕೇಳುವುದಿಲ್ಲ. ಮರ ಹತ್ತುವವರು ಸಿಕ್ಕಿದ ದಿನವೇ ನಮಗೆ ಮುಹೂರ್ತ. ಈಚೆಗೆ ನೆಲದಲ್ಲೇ ನಿಂತು ದೋಟಿಯಲ್ಲಿ ಬಿಡುವುದೂ ಉಂಟು, ಆದರೂ ಆಳು ಬೇಕೇ ಬೇಕು. ಇವರು ಡ್ರಮ್ಮಿನ ಹತ್ತಿರ, ಮಾವ ಪೈಪಿನ ಹಿಂದೆ, ಅತ್ತೆಗೆ ಬೆಳಗ್ಗಿನ ತಿಂಡಿಯಿಂದ ಸಂಜೆಯ ಚಾದವರೆಗೆ ಆಳುಗಳ ಹೊಟ್ಟೆಯ ಚಿಂತೆ. ನಾನು ಸುಳ್ಯದ ಆಫೀಸು ಮುಗಿಸಿ ಬಸ್ಸಿಳಿದು ಮನೆ ಮುಟ್ಟುವಾಗ ಕತ್ತಲು. ಆ ಹೊತ್ತಿಗೆ ಮನೆಯಲ್ಲಿ ಸೌಟು ಹಿಡಿಯುವ ತ್ರಾಣ ಯಾರಿಗೂ ಇರುವುದಿಲ್ಲ, ಹಸಿವು ಮಾತ್ರ ಎಲ್ಲರಿಗೂ ಇರುತ್ತದೆ.

ಒಂದೇ ಪಾತ್ರೆಯ ಊಟ ನಮಗೇನೂ ಹೊಸತಲ್ಲ. ಬಸಳೆ ಪುಂಡಿಯನ್ನೇ ನೋಡಿ. ಕಾಯಿ ಅರೆದು ಹಾಕಿದ ಬಸಳೆಯ ಗಸಿಯಲ್ಲಿ ಅಕ್ಕಿಯ ಪುಟ್ಟ ಉಂಡೆಗಳು ಮುಳುಗಿ ಕೂತಿದ್ದರೆ ಬೇರೆ ಅನ್ನವೂ ಬೇಡ, ಪಲ್ಯವೂ ಬೇಡ. ರುಚಿಯ ಮಾತಿಗೆ ಬಂದರೆ ಪಾಸ್ತಾ ಅದರ ಹತ್ತಿರ ಸುಳಿಯಲಾರದು ಎಂದೇ ನನ್ನ ಅಭಿಪ್ರಾಯ. ಆದರೆ ಪುಂಡಿಗೆ ಅಕ್ಕಿ ನೆನೆಸಬೇಕು, ಅರೆಯಬೇಕು, ಹಿಟ್ಟನ್ನು ಒಲೆಯ ಮೇಲೆ ಕೈಬಿಡದೆ ಮಗುಚಬೇಕು, ಕೂತು ಉಂಡೆ ಕಟ್ಟಬೇಕು. ಮೂರ್ನಾಲ್ಕು ಜನ ಸುತ್ತ ಕೂತು ಹರಟುತ್ತಾ ಮಾಡುವ ಅಡುಗೆ ಅದು. ಮದ್ದು ಬಿಡುವ ದಿನ ಬೇಕಾದದ್ದು ಬೇರೆ. ಬೇಯಲು ಮುಕ್ಕಾಲು ಗಂಟೆ ಹಿಡಿದರೂ ತೊಂದರೆಯಿಲ್ಲ, ಆ ಮುಕ್ಕಾಲು ಗಂಟೆ ಯಾರೂ ಅದರ ಮುಂದೆ ನಿಲ್ಲುವಂತಿರಬಾರದು. ಹತ್ತು ನಿಮಿಷದ ಅಡುಗೆ ಅಂತ ಹೇಳುವ ಎಷ್ಟೋ ತಿನಿಸುಗಳು ಆ ಹತ್ತೂ ನಿಮಿಷ ನಮ್ಮನ್ನು ಒಲೆಗೆ ಕಟ್ಟಿಹಾಕುತ್ತವೆ. ಮುಚ್ಚಿಟ್ಟು ಮರೆಯಬಹುದಾದ ಅಡುಗೆಗೆ ನನ್ನ ಮನೆಯಲ್ಲಿ ಮರ್ಯಾದೆ ಬಂದದ್ದು ಹೀಗೆ.

ಪಾಸ್ತಾ ಬೇಕೆಂಬ ಹಟ ಮಕ್ಕಳದ್ದು. ಅದಕ್ಕೆಂದು ಓವನ್ನೂ ಬಂತು. ಬೇಸಗೆಯಲ್ಲಿ ಅದು ಚೆನ್ನಾಗಿಯೇ ಕೆಲಸ ಮಾಡುತ್ತದೆ: 200 ಡಿಗ್ರಿಯಲ್ಲಿ 40 ನಿಮಿಷ ಮುಚ್ಚಿ, ಮತ್ತೆ ಹತ್ತು ನಿಮಿಷ ತೆರೆದು ಬೇಯಿಸಿದರೆ ಆಯಿತು. ಆದರೆ ನಮ್ಮಲ್ಲಿ ಒಂದು ಜೋರು ಗಾಳಿಗೆ ಯಾವುದೋ ಮರದ ಗೆಲ್ಲು ತಂತಿಗೆ ಬಿದ್ದರೆ ಕರೆಂಟು ಯಾವಾಗ ಬಂದೀತೆಂದು ಯಾರೂ ಹೇಳಲಾರರು. ಬಂದರೂ ಬಲ್ಬು ಕೆಂಪಗೆ ಉರಿಯುವಷ್ಟು ಮಾತ್ರ. ಇನ್ವರ್ಟರಿಗೆ ಓವನ್ ಎಳೆಯುವ ಶಕ್ತಿಯಿಲ್ಲ. ಹಾಗಾಗಿ ಆಷಾಢದಲ್ಲಿ ಓವನ್ನಿನ ಮೇಲೆ ಮಕ್ಕಳ ಒದ್ದೆ ಸಾಕ್ಸು ಒಣಗುತ್ತಿರುತ್ತದೆ.

ದಾರಿ ತೋರಿಸಿದ್ದು ಅತ್ತೆಯ ಕೆಂಡತ್ತಡ್ಯ. ನೆನೆದ ಅಕ್ಕಿ, ಕಾಯಿ, ಬೆಲ್ಲ ಹಾಕಿ ತರಿಯಾಗಿ ಅರೆದು, ತುರಿದ ಸೌತೆಕಾಯಿ ಬೆರೆಸಿ, ಬಾಳೆಲೆ ಹಾಸಿದ ಪಾತ್ರೆಗೆ ಹೊಯ್ದು, ಅಡಿಗೂ ಕೆಂಡ, ಮುಚ್ಚಳದ ಮೇಲೂ ಕೆಂಡ ಹಾಕಿ ಬೇಯಿಸುವುದು ಅದರ ಕ್ರಮ. ಓವನ್ ಮಾಡುವುದೂ ಇದನ್ನೇ ಅಲ್ಲವೇ? ಕ್ರೊಯೇಷಿಯಾದ ಕರಾವಳಿಯಲ್ಲಿ ಪೆಕಾ ಎಂಬ ಗಂಟೆಯಾಕಾರದ ಮುಚ್ಚಳದ ಮೇಲೆ ಕೆಂಡ ಸುರಿದು ಮಾಂಸ, ಆಲೂಗಡ್ಡೆ ಬೇಯಿಸುತ್ತಾರೆ. ಅಮೆರಿಕದ ದನಗಾಹಿಗಳು ಒಯ್ಯುತ್ತಿದ್ದ ಎರಕದ ಕಬ್ಬಿಣದ ಪಾತ್ರೆಯ ಮುಚ್ಚಳಕ್ಕೆ ಕೆಂಡ ಜಾರದ ಹಾಗೆ ಅಂಚೇ ಇತ್ತು. ನಮ್ಮ ದಪ್ಪ ತಳದ ಬಾಣಲೆಗೆ ಅಂಥ ಮುಚ್ಚಳ ಇಲ್ಲ. ಅಂಚೆದ್ದ ಹಳೆಯ ಕಬ್ಬಿಣದ ಹರಿವಾಣವೊಂದನ್ನು ಅತ್ತೆ ಅಟ್ಟದಿಂದ ಇಳಿಸಿ ಕೊಟ್ಟರು, ಬಾಣಲೆಯ ಬಾಯಿಗೆ ಸರಿಯಾಗಿ ಕೂತಿತು.

ಇನ್ನು ಕೆಂಡ. ಅದಕ್ಕೆಂದೇ ಬೆಂಕಿ ಹಾಕುವುದಾದರೆ ಈ ಕತೆಯೇ ಬೇಡವಿತ್ತು. ಮೈಲುತುತ್ತಿನ ನೀಲಿ ಮೆತ್ತಿಕೊಂಡು, ಮಳೆಯಲ್ಲಿ ನೆನೆದು ತೋಟದಿಂದ ಬಂದವರಿಗೆ ಕುದಿಯುವ ನೀರೇ ಬೇಕು. ಬೇರೆ ದಿನ ಅರ್ಧ ಹಂಡೆ ಸಾಕಾದರೆ ಅವತ್ತು ಸಂಜೆ ನಾಲ್ಕಕ್ಕೇ ಬಚ್ಚಲೊಲೆ ಧಗಧಗ. ಕೊತ್ತಳಿಗೆ, ಅಡಿಕೆ ಸಿಪ್ಪೆ, ಗೆರಟೆ ಎಲ್ಲ ಉರಿದು ಏಳು ಗಂಟೆಗೆ ಒಲೆಯ ತುಂಬ ಕೆಂಡ. ಅಡುಗೆಗೆ ಯಾರಿಗೂ ಕೈ ಬಿಡುವಿಲ್ಲದ ದಿನವೇ ಮನೆಯಲ್ಲಿ ಅತಿ ಹೆಚ್ಚು ಕೆಂಡ! ಸಿಪ್ಪೆಯ ಕೆಂಡ ಬೇಗ ಬೂದಿಯಾಗುತ್ತದೆ, ಹೊಗೆಯೂ ಹೆಚ್ಚು. ಗೆರಟೆಯದ್ದು ಚುರುಕು, ಹೊಗೆಯಿಲ್ಲ. ಮುಚ್ಚಳದ ಮೇಲಕ್ಕೆ ಅದನ್ನೇ ಆರಿಸಿ ಹಾಕಬೇಕು, ನಡುವೆ ಒಮ್ಮೆ ಹೊಸತು ಸೇರಿಸಬೇಕು.

"ಮೇಲೆ ಜಾಸ್ತಿ, ಅಡಿಗೆ ಕಮ್ಮಿ ಮಾರಾಯ್ತಿ. ಅಡಿ ಹಿಡಿದ್ರೆ ನಿನ್ನ ಪಾಸ್ತಾವೂ ಇಲ್ಲ, ನನ್ನ ಬಾಣಲೆಯೂ ಇಲ್ಲ" ಎಂದರು ಅತ್ತೆ. ಈ ಅಡುಗೆಯ ಶಾಸ್ತ್ರವೆಲ್ಲ ಅಷ್ಟರಲ್ಲೇ ಇದೆ. ಅಡಿಯ ಬಿಸಿ ನೇರ ಪಾತ್ರೆಗೆ ತಾಗುತ್ತದೆ, ಮೇಲಿನದ್ದು ಗಾಳಿಯ ಮೂಲಕ ಇಳಿಯಬೇಕು. ಎರಡೂ ಕಡೆ ಸಮ ಹಾಕಿದರೆ ತಳ ಕರಟಿ ಮೇಲೆ ಹಸಿ ಉಳಿಯುತ್ತದೆ.

ಪಾಸ್ತಾವನ್ನು ಮೊದಲೇ ಬೇಯಿಸಿ ಬಸಿಯುವ ಕ್ರಮವನ್ನು ನಾನು ಕೈಬಿಟ್ಟಿದ್ದೇನೆ. ಅದೊಂದು ಪಾತ್ರೆ, ಒಂದು ಜರಡಿ, ಒಂದಿಷ್ಟು ನಿಲ್ಲುವ ಕೆಲಸ. ಒಣ ಪಾಸ್ತಾವನ್ನೇ ಹಾಕಿ ಅದರ ಮೇಲೆ ಕುದಿಯುವ ಸಾಸು ಸುರಿದರೆ ಅಲ್ಲೇ ಹೀರಿಕೊಂಡು ಬೇಯುತ್ತದೆ. ಅರ್ಧ ಕಿಲೋ ಪಾಸ್ತಾಕ್ಕೆ ಸಾಸು, ನೀರು ಎಲ್ಲ ಸೇರಿ ಸುಮಾರು ಒಂದೂವರೆ ಲೀಟರ್. ಒಂದು ತುಂಡೂ ಮೇಲೆ ಇಣುಕಬಾರದು, ಇಣುಕಿದ್ದು ಹಲ್ಲಿಗೆ ಕಲ್ಲು. ಮೇಲಿನಿಂದ ಬಾಡಿಸಿದ ಬಾಳೆಲೆ ಒತ್ತಿ ಮುಚ್ಚಿ, ಅದರ ಮೇಲೆ ಹರಿವಾಣ. ಹಬೆ ಹೊರಗೆ ಹೋಗುವುದಿಲ್ಲ, ಬೂದಿ ಒಳಗೆ ಬೀಳುವುದಿಲ್ಲ. ಅಡಿಗೂ ಒಂದು ಎಲೆ ಹಾಸಿದರೆ ಮರುದಿನ ಬಾಣಲೆ ತಿಕ್ಕುವವರು ಶಾಪ ಹಾಕುವುದಿಲ್ಲ.

ಪಾಸ್ತಾ ಯಾವುದು ಎಂಬುದರ ಮೇಲೆಯೂ ಉಂಟು. ಹೀಗೆ ನೇರವಾಗಿ ಬೇಯಿಸುವುದಕ್ಕೆ ಡ್ಯೂರಮ್ ಗೋಧಿಯ ರವೆಯದ್ದೇ ಆಗಬೇಕು. ನಮ್ಮ ಬನ್ಸಿ ರವೆಯೂ ಅದೇ ಗಟ್ಟಿ ಗೋಧಿಯದ್ದು. ಉಪ್ಪಿಟ್ಟಿನಲ್ಲಿ ಅದು ಉದುರುದುರಾಗಿ ನಿಲ್ಲುವ ಹಾಗೆ ಪಾಸ್ತಾದಲ್ಲೂ ಆಕಾರ ಬಿಡದೆ ನಿಲ್ಲುತ್ತದೆ. ಮೈದಾ ಸೇರಿದ ಅಗ್ಗದ ಮ್ಯಾಕರೋನಿ ಅರ್ಧ ಗಂಟೆಯಲ್ಲಿ ಗಂಜಿ. ಪೊಟ್ಟಣದ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ, ಓದಿ ತರಬೇಕು.

ಸಾಸಿಗೆ ಬರೀ ಟೊಮೆಟೊ ಹಾಕಿದರೆ ಮಳೆಗಾಲದ ಕ್ರಯಕ್ಕೆ ಕೈ ಸುಟ್ಟೀತು. ಅಟ್ಟದಲ್ಲಿ ಸಿಹಿಕುಂಬಳ ಇದ್ದೇ ಇರುತ್ತದೆ. ಮುಕ್ಕಾಲು ಪಾಲು ಕುಂಬಳ, ಕಾಲು ಪಾಲು ಟೊಮೆಟೊ, ಎರಡು ನೀರುಳ್ಳಿ, ಏಳೆಂಟು ಎಸಳು ಬೆಳ್ಳುಳ್ಳಿಯನ್ನು ಬೆಳಗ್ಗೆಯೇ ಕುಕ್ಕರಿನಲ್ಲಿ ಕೂಗಿಸಿ ಇಟ್ಟರೆ ಸಂಜೆ ಕಡೆಗೋಲಿನಲ್ಲಿ ಕಡೆದರೂ ನುಣ್ಣಗಾಗುತ್ತದೆ, ಮಿಕ್ಸಿ ಬೇಕೆಂದಿಲ್ಲ. ಕುಂಬಳದ ಸಿಹಿಗೆ ಟೊಮೆಟೊದ ಹುಳಿ ಹದಕ್ಕೆ ಬರುತ್ತದೆ, ಬಣ್ಣ ನೋಡಿ ಮಕ್ಕಳು ಪೂರಾ ಟೊಮೆಟೊ ಎಂದೇ ನಂಬುತ್ತಾರೆ. ಅದಕ್ಕೆ ದನದ ಹಾಲು ಹೊಯ್ದರೆ ಹುಳಿಗೆ ಒಡೆಯುವ ಭಯ. ದಪ್ಪ ತೆಂಗಿನಹಾಲಿಗೆ ಒಂದು ಚಮಚ ಅಕ್ಕಿಹಿಟ್ಟು ಕಲಸಿ ಸೇರಿಸಿದರೆ ಕುದಿಗೂ ಬೇರೆಯಾಗದೆ ಹಿಡಿದುಕೊಳ್ಳುತ್ತದೆ. ಸಣ್ಣಗೆ ಹೆಚ್ಚಿದ ಅಲಸಂಡೆ ಪಾಸ್ತಾದ ಹೊತ್ತಿಗೇ ಬೇಯುವುದರಿಂದ ಅದನ್ನೂ ಹಸಿಯಾಗಿಯೇ ಹಾಕಬಹುದು. ಮನೆಯ ಕಾಳುಮೆಣಸು ಜಜ್ಜಿ ಧಾರಾಳವಾಗಿ. ಉಪ್ಪು ಮಾತ್ರ ಒಂದು ಚಿಟಿಕೆ ಹಿಂದೆಯೇ ಇರಲಿ, ಚೀಸಿನಲ್ಲಿ ಬೇಕಾದಷ್ಟಿರುತ್ತದೆ.

ಚೀಸು ಕೊನೆಗೆ. ಅರ್ಧ ಗಂಟೆ ಕಳೆದ ಮೇಲೆ ಹರಿವಾಣವನ್ನು ಓರೆ ಮಾಡದೆ ಎತ್ತಿ, ಎಲೆ ತೆಗೆದು, ತುರಿದ ಚೀಸು ಉದುರಿಸಿ, ಹೊಸ ಕೆಂಡದೊಡನೆ ಮತ್ತೆ ಮುಚ್ಚಬೇಕು. ಅಂಗಡಿಯಲ್ಲಿ ಸಿಗುವ ಕ್ಯೂಬ್ ಚೀಸು ಕರಗುತ್ತದೆ, ಆದರೆ ಜಾಹೀರಾತಿನ ಹಾಗೆ ನೂಲು ನೂಲಾಗಿ ಎಳೆಯುವುದಿಲ್ಲ. ಅದಕ್ಕೆ ಮೊಝರೆಲ್ಲಾ ಬೇಕು. ಮಕ್ಕಳು ಆ ಬಗ್ಗೆ ತಕರಾರು ತೆಗೆದದ್ದು ಬಿಟ್ಟರೆ ನಮಗೆ ಯಾರಿಗೂ ಬೇಸರವಿಲ್ಲ. ಅಂಚಿನಲ್ಲಿ ಕೆಂಪಗೆ ಗರಿಯಾಗಿ ಹಿಡಿದ ಭಾಗಕ್ಕೆ ಮಾತ್ರ ದಿನವೂ ಜಗಳ. ಅಗಲ ಬಾಯಿಯ ಬಾಣಲೆ ಇಡುವುದಕ್ಕೆ ಅದೂ ಒಂದು ಕಾರಣ.

ಇಷ್ಟೆಲ್ಲ ಆದರೂ ಮಾವನಿಗೆ ಇದು ಊಟವಲ್ಲ, ತಿಂಡಿ. ಒಂದು ತಟ್ಟೆ ಪಾಸ್ತಾ ಸಂತೋಷದಿಂದಲೇ ತಿಂದು, "ಇನ್ನು ಗಂಜಿ ಬಡಿಸು" ಎನ್ನುತ್ತಾರೆ. ನಾನು ಅವರೊಡನೆ ವಾದಕ್ಕೆ ಹೋಗುವುದಿಲ್ಲ. ಮನೆಯವರೆಲ್ಲರಿಗೂ ಒಂದೇ ಅಡುಗೆ ಎಂಬುದು ಪುಸ್ತಕದಲ್ಲಿ ಓದಲು ಚೆಂದ. ಮಧ್ಯಾಹ್ನದ ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿ ಹೇಗೂ ಇರುತ್ತದೆ, ಅದಕ್ಕೆ ಯಾರೂ ಹೊಸದಾಗಿ ಒಲೆ ಹಚ್ಚಬೇಕಾಗಿಲ್ಲ. ಅಡಿಕೆಗೆ ಬಿಡುವ ಬೋರ್ಡೋ ಕೂಡ ಫ್ರಾನ್ಸಿನ ದ್ರಾಕ್ಷಿ ತೋಟದಿಂದ ಬಂದದ್ದು; ಮೈಸೂರಿನ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅದನ್ನು ನಮ್ಮ ಕೊಳೆರೋಗಕ್ಕೆ ಹೊಂದಿಸಿದರು. ಅದನ್ನು ಒಪ್ಪಿದವರು ಇಟಲಿಯದ್ದನ್ನೂ ಒಪ್ಪಬಹುದಲ್ಲ ಎಂದು ಇವರು ಒಮ್ಮೆ ಕೇಳಿದ್ದಕ್ಕೆ ಮಾವ, "ಬೋರ್ಡೋ ಮರಕ್ಕೆ ಹಾಕುವುದು, ಹೊಟ್ಟೆಗಲ್ಲ" ಎಂದರು. ಅಲ್ಲಿಗೆ ಆ ಚರ್ಚೆ ಮುಗಿಯಿತು.

ಉಳಿದರೆ ಮರುದಿನ ತುಂಡು ಮಾಡಿ, ಕಾವಲಿಯಲ್ಲಿ ತೆಂಗಿನೆಣ್ಣೆ ಹಾಕಿ ಎರಡೂ ಬದಿ ಕೆಂಪಗೆ ಕಾಯಿಸಿದರೆ ಮಕ್ಕಳ ಬುತ್ತಿಗೆ ಆಗುತ್ತದೆ. ಆದರೆ ರಾತ್ರಿಯಿಡೀ ಕರೆಂಟಿಲ್ಲದೆ ಫ್ರಿಜ್ಜು ನಿಂತಿದ್ದರೆ ಆ ಆಸೆ ಬೇಡ. ತೆಂಗಿನಹಾಲು ಸೇರಿದ್ದು, ಥಂಡಿ ಹವೆಯೆಂದು ನಂಬಿ ಇಟ್ಟರೂ ಬೆಳಗ್ಗೆ ಹಳಸಿದ ವಾಸನೆ ಬರುತ್ತದೆ. ಅಂಥ ದಿನ ಪಾಸ್ತಾವನ್ನು ಅರ್ಧ ಕಿಲೋದಿಂದ ನಾನೂರು ಗ್ರಾಮಿಗೆ ಇಳಿಸಿ, ಅದಕ್ಕೆ ತಕ್ಕಷ್ಟು ನೀರು ಕಡಿಮೆ ಮಾಡಿ, ಮಾವನ ಗಂಜಿಯಲ್ಲೇ ಎಲ್ಲರೂ ಒಂದೊಂದು ಸೌಟು ಹಂಚಿಕೊಳ್ಳುತ್ತೇವೆ.