ಯಾವ ಬಾಳೆಯ ಜೀನ್, ಮಗಳೇ?

ವಡೋದರದಲ್ಲಿ ಕೂತು ಬಾಳೆಯ ನಿಯಂತ್ರಕ ಪ್ರೋಟೀನ್‌ಗಳ ವಂಶವೃಕ್ಷ ಬರೆಯಲು ಹೊರಟಿದ್ದೀಯಂತೆ, ಬಹಳ ಸಂತೋಷ ಮಗಳೇ. ನನ್ನದೊಂದೇ ಮಾತು: ಕಂಪ್ಯೂಟರಿನಲ್ಲಿ ನೀನು ಓದುತ್ತಿರುವುದು ಯಾವ ಬಾಳೆಯನ್ನು ಎಂಬುದನ್ನು ಮರೆಯಬೇಡ.

2012ರಲ್ಲಿ ಹೊರಬಂದ ಜೀನೋಮ್ ಪಹಾಂಗ್ ಎಂಬ ಕಾಡುಬಾಳೆಯ ಮೂಲದ್ದು. 11 ಕ್ರೋಮೋಸೋಮ್, 36,000ಕ್ಕೂ ಮಿಕ್ಕ ಜೀನ್. ಇದನ್ನು ‘ಎ’ ಜೀನೋಮ್ ಎನ್ನುತ್ತಾರೆ. ಸೂರತ್ ಕಡೆಯ ತೋಟಗಳ ಜಿ-9 ತಳಿಯಲ್ಲಿ ‘ಎ’ಯ ಮೂರು ಪ್ರತಿಗಳಿವೆ. ನಮ್ಮ ನಂಜನಗೂಡು ರಸಬಾಳೆಯಲ್ಲಿ ‘ಎ’ ಎರಡು, ‘ಬಿ’ ಒಂದು. ಆ ‘ಬಿ’ ಬಂದದ್ದು ಮೂಸಾ ಬಾಲ್ಬಿಸಿಯಾನಾ ಎಂಬ ಇನ್ನೊಂದು ಕಾಡುಬಾಳೆಯಿಂದ. ಪಹಾಂಗ್ ಒಂದನ್ನೇ ನೋಡಿ ರಸಬಾಳೆಯ ಬಗ್ಗೆ ಷರಾ ಬರೆದರೆ ಒಪ್ಪುವವರಾರು?

ಬಾಳೆಯ ವಂಶದಲ್ಲಿ ಇಡೀ ಜೀನೋಮೇ ಮೂರು ಸಲ ಇಮ್ಮಡಿಯಾಗಿದೆ. ಡಬ್ಲ್ಯುಆರ್‌ಕೆವೈ ಎಂಬ ನಿಯಂತ್ರಕ ಪ್ರೋಟೀನ್‌ಗಳ ಕುಟುಂಬದಲ್ಲಿ ನೂರಕ್ಕೂ ಹೆಚ್ಚು ಜೀನ್ ಇರುವುದಕ್ಕೆ ಅದೂ ಒಂದು ಕಾರಣ. ಎಣಿಸಿ ಪಟ್ಟಿಯನ್ನು ಯಾರಾದರೂ ಮಾಡುತ್ತಾರೆ. ಒಡಹುಟ್ಟಿದ ಎರಡು ಪ್ರತಿಗಳಲ್ಲಿ ಯಾವುದು ಹಳೇ ಕೆಲಸ ಉಳಿಸಿಕೊಂಡಿತು, ಯಾವುದು ಹೊಸದು ಹಿಡಿಯಿತು, ಯಾವುದು ಸುಮ್ಮನಾಯಿತು ಎಂಬುದನ್ನು ನೀನು ಹುಡುಕು.

ರಚನೆ ನೋಡುವಾಗ ಇನ್ನೂ ಎಚ್ಚರ ಬೇಕು. ಡಬ್ಲ್ಯುಆರ್‌ಕೆವೈ ಪ್ರೋಟೀನ್‌ನಲ್ಲಿ ಸುಮಾರು 60 ಅಮೈನೋ ಆಮ್ಲಗಳ ಒಂದು ಭಾಗ ಸತುವಿನ ಕಣವನ್ನು ಹಿಡಿದು ಗಟ್ಟಿಯಾಗಿ ಮಡಚಿಕೊಂಡಿರುತ್ತದೆ. ಡಿಎನ್‌ಎಯನ್ನು ಹಿಡಿಯುವುದು ಅದೇ. ಅದರೊಳಗಿನ ಏಳು ಅಮೈನೋ ಆಮ್ಲಗಳ ಸಾಲಿನಲ್ಲಿ ಒಂದು ಬದಲಾದರೂ ಹಿಡಿತ ಬದಲಾಗಬಹುದು, ಒಂದೊಂದನ್ನೂ ನೋಡು. ಪ್ರೋಟೀನ್‌ನ ಆಕಾರ ಊಹಿಸುವ ಆಲ್ಫಾಫೋಲ್ಡ್ ತಂತ್ರಾಂಶ ಈ ಭಾಗವನ್ನು ಭರವಸೆಯಿಂದ ಬಿಡಿಸುತ್ತದೆ. ಆಚೀಚೆ ಬಿಚ್ಚಿದ ಹಗ್ಗದಂತೆ ಜೋತ ಭಾಗಗಳಿಗೆ ಮಾತ್ರ ಕಡಿಮೆ ಅಂಕ ಕೊಡುತ್ತದೆ. ಅಲ್ಲಿ ಆಕಾರ ಕಂಡಿತೆಂದು ಬರೆಯಬೇಡ. ಜೊತೆಗಾರ ಪ್ರೋಟೀನ್ ಸಿಗುವವರೆಗೆ ಸಡಿಲವಾಗಿರುವುದೇ ಅವುಗಳ ಸ್ವಭಾವವಿರಬಹುದು.

ವಂಶವೃಕ್ಷ ಊಹೆ ಕೊಡುತ್ತದೆ, ಸಾಕ್ಷಿ ಕೊಡುವುದು ಗಿಡ. ಎಂಎಡಿಎಸ್ ಎಂಬ ಇನ್ನೊಂದು ನಿಯಂತ್ರಕ ಕುಟುಂಬದ ಜೀನ್‌ಗಳನ್ನು ಅಡಗಿಸಿ ನೋಡಿದ್ದಕ್ಕೇ ಬಾಳೆಹಣ್ಣು ಮಾಗುವುದು ತಡವಾಗುತ್ತದೆಂದು ಗೊತ್ತಾದದ್ದು. ಆದ್ದರಿಂದ ಸೂರತ್ ದಾಟಿ ನವಸಾರಿ ಕೃಷಿ ವಿಶ್ವವಿದ್ಯಾಲಯಕ್ಕೂ ಹೋಗಿ ಬಾ. ಪನಾಮಾ ಸೊರಗು ರೋಗ ತಗುಲಿದ ಗಿಡದ ಗಡ್ಡೆ ಕುಯ್ದು ತೋರಿಸಲು ಕೇಳು, ಒಳಗಿನ ಕೆಂಗಂದು ಗೆರೆಗಳನ್ನು ಕಣ್ಣಾರೆ ನೋಡು. ನಂಜನಗೂಡಿನ ತೋಟಗಳನ್ನು ಬರಿದು ಮಾಡಿದ್ದು ಈ ರೋಗವೇ.

ಆಮೇಲೆ ನಿನ್ನ ಪಟ್ಟಿಯಿಂದ ಎರಡೋ ಮೂರೋ ಜೀನ್ ಆರಿಸಿಕೊಂಡು, ರೋಗ ತಗುಲಿದ ಬೇರಿನಲ್ಲಿ ‘ಎ’ ಪ್ರತಿ ಎಷ್ಟು ಚುರುಕಾಗುತ್ತದೆ, ‘ಬಿ’ ಪ್ರತಿ ಎಷ್ಟು ಎಂದು ಬೇರೆಬೇರೆಯಾಗಿ ಅಳೆ. ರಸಬಾಳೆಯ ಕಂದು ಬೇಕಾದರೆ ಹೇಳು, ಮೈಸೂರಿನಲ್ಲಿ ನಾನು ವಿಚಾರಿಸುತ್ತೇನೆ.