ಮಕ್ಕಳ ನ್ಯುಮೋನಿಯಾ ರೋಗವೂ ಅದರ ಔಷಧವೂ

ಓದತಕ್ಕ ವೇದಭಾಗಗಳು: 2 ಅರಸು 5:1–14, 2 ಅರಸು 20:1–7.



ಮಳೆಯೂ ಚಳಿಯೂ ಬಂದಾಗ ನಮ್ಮ ಗ್ರಾಮಸಭೆಗಳಲ್ಲಿ ಕೆಮ್ಮುವ ಕೂಸಿಲ್ಲದ ಮನೆ ಅಪರೂಪ. ಅಂಥ ಮಕ್ಕಳಲ್ಲಿ ಹೆಚ್ಚಿನವು ಕೆಲವು ದಿನಗಳೊಳಗೆ ತಾವಾಗಿಯೇ ಗುಣಹೊಂದುತ್ತವೆ. ಆದರೆ ಕೆಲವು ಮಕ್ಕಳಲ್ಲಿ ರೋಗವು ಎದೆಗಿಳಿದು ನ್ಯುಮೋನಿಯಾ ಆಗುತ್ತದೆ. 2019ನೆಯ ಇಸವಿಯೊಂದರಲ್ಲೇ ಐದು ವರುಷದೊಳಗಿನ ಸುಮಾರು 7,40,000 ಮಕ್ಕಳು ಇದರಿಂದ ತೀರಿಹೋದವೆಂದು ವಿಶ್ವ ಆರೋಗ್ಯ ಸಂಸ್ಥೆಯವರು ಲೆಕ್ಕಹಾಕಿದ್ದಾರೆ. ಔಷಧವೇ ಇಲ್ಲದ ರೋಗವಾಗಿದ್ದರೆ ನಾವು ಅಳುವದು ಮಾತ್ರ ಉಳಿಯುತ್ತಿತ್ತು. ಔಷಧವುಂಟು, ಅದು ಅಗ್ಗವಾದದ್ದೂ ಹೌದು. ಆದಕಾರಣ ರೋಗವನ್ನು ತಡಮಾಡದೆ ಗುರುತಿಸುವದು, ಕೊಟ್ಟ ಔಷಧವನ್ನು ಕಡೆಯ ವರೆಗೂ ಕೊಡುವದು, ಈ ಎರಡನ್ನು ಈ ಪಾಠದಲ್ಲಿ ಕಲಿಯೋಣ.

1. ರೋಗವು ಎಂಥದು?

ನಮ್ಮ ಶ್ವಾಸಕೋಶಗಳಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಗಾಳಿಚೀಲಗಳು ಲೆಕ್ಕವಿಲ್ಲದಷ್ಟು ಉಂಟು. ರೋಗಾಣುಗಳು ಅಲ್ಲಿ ಸೇರಿದಾಗ ಆ ಚೀಲಗಳಲ್ಲಿ ನೀರೂ ಕೀವೂ ತುಂಬುತ್ತವೆ. ಗಾಳಿಗೆ ಸ್ಥಳ ಸಾಲದ್ದರಿಂದ ಕೂಸು ಬೇಗಬೇಗನೆ ಉಸಿರಾಡುತ್ತದೆ. ಈ ರೋಗಾಣುಗಳಲ್ಲಿ ಕೆಲವು ವೈರಸ್ಸುಗಳು, ಕೆಲವು ಬ್ಯಾಕ್ಟೀರಿಯಗಳು. ನ್ಯುಮೋಕಾಕಸ್ ಎಂಬ ಬ್ಯಾಕ್ಟೀರಿಯವು ಅತಿ ಅಪಾಯವಾದವುಗಳಲ್ಲಿ ಒಂದು. ಅದನ್ನು ಕೊಲ್ಲುವ ಔಷಧಕ್ಕೆ ಪ್ರತಿಜೀವಕವೆಂದು ಹೆಸರು. 1928ರಲ್ಲಿ ಲಂಡನ್ ಪಟ್ಟಣದಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಎಂಬವರು ಒಂದು ಬಗೆಯ ಬೂಷ್ಟು ಬ್ಯಾಕ್ಟೀರಿಯಗಳನ್ನು ನಾಶಮಾಡುವದನ್ನು ಕಂಡರು; ಅದರಿಂದ ಪೆನಿಸಿಲಿನ್ ಹುಟ್ಟಿತು. ಈಗ ಮಕ್ಕಳ ನ್ಯುಮೋನಿಯಾಕ್ಕೆ ಮೊದಲು ಕೊಡುವ ಅಮಾಕ್ಸಿಸಿಲಿನ್ ಅದೇ ಕುಲದ್ದು.

2. ಗುರುತಿಸುವದು ಹೇಗೆ?

ಕೂಸು ಅಳದೆ, ಹಾಲು ಕುಡಿಯದೆ ಶಾಂತವಾಗಿರುವಾಗ ಅಂಗಿಯನ್ನು ಮೇಲೆತ್ತಿ, ಎದೆಹೊಟ್ಟೆಗಳು ಏರುವದನ್ನು ನೋಡುತ್ತಾ, ಗಡಿಯಾರ ಹಿಡಿದು ಪೂರಾ ಒಂದು ನಿಮಿಷ ಉಸಿರನ್ನು ಎಣಿಸಿರಿ. ಎರಡು ತಿಂಗಳಿಂದ ಒಂದು ವರುಷದೊಳಗಿನ ಕೂಸಿಗೆ 50 ಅಥವಾ ಹೆಚ್ಚು, ಒಂದರಿಂದ ಐದು ವರುಷದೊಳಗಿನ ಮಗುವಿಗೆ 40 ಅಥವಾ ಹೆಚ್ಚು ಬಂದರೆ ಅದೇ ದಿನ ಆರೋಗ್ಯ ಕೇಂದ್ರಕ್ಕೆ ಹೋಗತಕ್ಕದ್ದು.

ಉಸಿರೆಳೆದಾಗ ಪಕ್ಕೆಲುಬುಗಳ ಕೆಳಭಾಗವು ಒಳಕ್ಕೆ ಸೆಳೆದುಕೊಂಡರೂ ಅದೇ ದಿನ ವೈದ್ಯರಿಗೆ ತೋರಿಸಬೇಕು. ಕೂಸು ಮೊಲೆಯುಣ್ಣಲಾರದಿದ್ದರೆ, ಕುಡಿದದ್ದನ್ನೆಲ್ಲಾ ಕಾರಿದರೆ, ಸೆಳವು ಬಂದರೆ, ಎಬ್ಬಿಸಿದರೂ ಏಳದಿದ್ದರೆ, ತುಟಿ ನೀಲಿಯಾದರೆ, ಒಂದು ಗಳಿಗೆಯನ್ನೂ ಕಳೆಯದೆ ದೊಡ್ಡ ಆಸ್ಪತ್ರೆಗೆ ಒಯ್ಯಿರಿ, 108ಕ್ಕೆ ಕರೆಮಾಡಿರಿ. ಇಂಥವರಿಗೆ ಚುಚ್ಚುಮದ್ದೂ ಆಮ್ಲಜನಕವೂ ಬೇಕಾಗುತ್ತವೆ. ಎರಡು ತಿಂಗಳು ತುಂಬದ ಕೂಸಿಗೆ ಉಸಿರಾಟದ ತೊಂದರೆ ಕಂಡರೆ ಮನೆಯಲ್ಲಿ ಕಾಯಲೇ ಕೂಡದು.

ಎಣಿಸುವದು ಡಾಕ್ಟರರ ಕೆಲಸವೆಂದು ನೆನಸಬೇಡಿರಿ. ಮಹಾರಾಷ್ಟ್ರದ ಗಡ್‌ಚಿರೋಲಿ ಜಿಲ್ಲೆಯಲ್ಲಿ ಡಾಕ್ಟರ್ ಅಭಯ್ ಬಂಗ್, ಡಾಕ್ಟರ್ ರಾಣಿ ಬಂಗ್ ಎಂಬ ದಂಪತಿಗಳು ಹಳ್ಳಿಯ ಜನರಿಗೇ ಈ ರೋಗವನ್ನು ಗುರುತಿಸಿ ಔಷಧ ಕೊಡುವದನ್ನು ಕಲಿಸಿದರು. ಆ ಹಳ್ಳಿಗಳಲ್ಲಿ ನ್ಯುಮೋನಿಯಾದಿಂದ ಸಾಯುವ ಮಕ್ಕಳು ಬಹಳ ಕಡಿಮೆಯಾದರೆಂದು 1990ರಲ್ಲಿ ವರದಿ ಪ್ರಕಟವಾಯಿತು. ನಾಮಾನನಿಗೆ ವಾಸಿಯಾಗುವ ದಾರಿಯನ್ನು ಮೊದಲು ತೋರಿಸಿದವಳು ಸೆರೆಯಾಗಿ ಬಂದಿದ್ದ ಒಬ್ಬ ಹುಡುಗಿಯಲ್ಲವೋ? ಹಾಗೆಯೇ ಆಶಾ ಕಾರ್ಯಕರ್ತೆಯು ನಮ್ಮ ಕೇರಿಯವಳೇ ಎಂದು ಆಕೆಯ ಮಾತನ್ನು ಅಲಕ್ಷ್ಯಮಾಡಬಾರದು.

3. ಔಷಧವನ್ನು ಕೊಡುವ ಕ್ರಮ

ಕೂಸಿನ ತೂಕವನ್ನು ನೋಡಿ ವೈದ್ಯರು ಅಳತೆಯನ್ನು ಗೊತ್ತುಮಾಡುತ್ತಾರೆ. ಅಮಾಕ್ಸಿಸಿಲಿನ್ ಔಷಧವನ್ನು ಸಾಮಾನ್ಯವಾಗಿ ಬೆಳಿಗ್ಗೆಯೂ ಸಾಯಂಕಾಲವೂ, ಹೀಗೆ ದಿನಕ್ಕೆ ಎರಡು ಸಾರಿ ಐದು ದಿನ ಕೊಡುತ್ತಾರೆ. ಕೆಲವರಿಗೆ ಮೂರು ದಿನ ಸಾಕೆಂದು ಹೇಳುವದೂ ಉಂಟು. ನೀರಿನಲ್ಲಿ ಕರಗುವ ಮಾತ್ರೆಯಾದರೆ ಚಮಚದಲ್ಲಿ ಶುದ್ಧವಾದ ನೀರನ್ನಾಗಲಿ ತಾಯಿಹಾಲನ್ನಾಗಲಿ ಹಾಕಿ ಕರಗಿಸಿ ಕುಡಿಸಬಹುದು. ಮೊಲೆಹಾಲನ್ನು ನಿಲ್ಲಿಸದೆ ಆಗಾಗ್ಗೆ ಕೊಡುತ್ತಾ ಇರಿ. ಎರಡು ಮೂರು ದಿನಗಳಲ್ಲಿ ಕೂಸನ್ನು ಪುನಃ ತೋರಿಸಿರಿ. ರೋಗ ಹೆಚ್ಚಿದರೆ, ಅಥವಾ ಔಷಧ ಕೊಟ್ಟ ಮೇಲೆ ಮೈಮೇಲೆ ದದ್ದು ಎದ್ದರೆ, ಮುಖ ಬಾತರೆ, ಕೂಡಲೆ ಹೋಗಿರಿ.

ಸಭೆಯ ಮನೆಗಳನ್ನು ಸಂದರ್ಶಿಸುವ ನಾವು ಅನೇಕಾವರ್ತಿ ಕಾಣುವ ತಪ್ಪೊಂದುಂಟು. ಎರಡನೆಯ ದಿನ ಜ್ವರವಿಳಿದು ಕೂಸು ನಕ್ಕ ಕೂಡಲೆ ಉಳಿದ ಔಷಧವನ್ನು ಮಾಡಿನ ಸಂದಿಯಲ್ಲಿಟ್ಟು, ಮುಂದೆ ಬೇರೊಂದು ಮಗು ಕೆಮ್ಮಿದಾಗ ಅದನ್ನೇ ಕುಡಿಸುತ್ತಾರೆ. ಇದರಲ್ಲಿ ಕೇಡು ಎರಡು ವಿಧ. ಮೊದಲನೆಯ ಕೂಸಿನ ಎದೆಯಲ್ಲಿ ಉಳಿದ ರೋಗಾಣುಗಳು ತಿರಿಗಿ ಹೆಚ್ಚಬಹುದು. ಎರಡನೆಯ ಕೂಸಿಗೆ ಬರೀ ನೆಗಡಿಯಾಗಿದ್ದರೆ ಔಷಧವು ವ್ಯರ್ಥ, ಯಾಕಂದರೆ ಪ್ರತಿಜೀವಕವು ವೈರಸ್ಸನ್ನು ಕೊಲ್ಲುವದಿಲ್ಲ. ಹೀಗೆ ಬೇಕಾಬಿಟ್ಟಿ ಕೊಡುವದರಿಂದ ಔಷಧಕ್ಕೆ ಬಗ್ಗದ ರೋಗಾಣುಗಳು ಹೆಚ್ಚಿ, ನಿಜವಾಗಿ ಬೇಕಾದ ದಿನದಲ್ಲಿ ಅದು ಫಲಿಸದೆ ಹೋಗುವದು. ನಾಮಾನನಿಗೆ ಯೊರ್ದನಿನಲ್ಲಿ ಏಳು ಸಾರಿ ಮುಳುಗಬೇಕೆಂದು ಅಪ್ಪಣೆಯಾಗಿತ್ತು. ಅವನು ಮೂರು ಸಾರಿ ಮುಳುಗಿ ದಡಕ್ಕೆ ಬರಲಿಲ್ಲ. ನಾವೂ ಹೇಳಿದಷ್ಟು ದಿನ ಕೊಡೋಣ.

4. ಪ್ರಾರ್ಥನೆಯೂ ಔಷಧವೂ

ಪಕ್ಕೆ ಸೆಳೆಯುವ ಕೂಸಿಗೆ ಕಾದ ಕಬ್ಬಿಣದಿಂದ ಬರೆ ಹಾಕುವವರು ಈಗಲೂ ಇದ್ದಾರೆ. ದೀಕ್ಷಾಸ್ನಾನ ಹೊಂದಿದ ಮನೆಗಳಲ್ಲಿಯೂ ಅಜ್ಜಿಯ ಮಾತಿಗೆ ಅಂಜಿ ಗುಟ್ಟಾಗಿ ತಾಯಿತ ಕಟ್ಟುವದುಂಟು. ಬರೆಯು ಕೂಸಿನ ನೋವನ್ನು ಹೆಚ್ಚಿಸುತ್ತದೆ. ತಾಯಿತವು ಔಷಧಕ್ಕೆ ಹೋಗಬೇಕಾದ ಹೊತ್ತನ್ನು ಕದಿಯುತ್ತದೆ. ಇನ್ನು ಕೆಲವರು, ನಾವು ಪ್ರಾರ್ಥಿಸುತ್ತೇವೆ, ಆಸ್ಪತ್ರೆಗೆ ಹೋಗುವದು ಅವಿಶ್ವಾಸವೆನ್ನುತ್ತಾರೆ. ಅಂಥವರು ಅರಸನಾದ ಹಿಜ್ಕೀಯನನ್ನು ನೋಡಲಿ. ಅವನು ಕಣ್ಣೀರಿಟ್ಟು ಪ್ರಾರ್ಥಿಸಿದನು, ದೇವರು ಕೇಳಿದನು. ಆ ಮೇಲೆ ಯೆಶಾಯನು ಅಂಜೂರದ ಉಂಡೆಯನ್ನು ಹುಣ್ಣಿನ ಮೇಲೆ ಇಡಿಸಿದನು. ಪ್ರಾರ್ಥನೆಯನ್ನು ಕೇಳಿದ ದೇವರೇ ಔಷಧವನ್ನು ತಳ್ಳಿಬಿಡಲಿಲ್ಲವಲ್ಲಾ! ದಾರಿಯಲ್ಲಿ ಪ್ರಾರ್ಥಿಸುತ್ತಾ ಆಸ್ಪತ್ರೆಗೆ ಹೋಗುವ ತಾಯಿಯ ವಿಶ್ವಾಸವು ಯಾವದರಲ್ಲಿಯೂ ಕಡಿಮೆಯಲ್ಲ.

ರೋಗ ಬರುವ ಮುಂಚೆಯೂ ಮಾಡತಕ್ಕದ್ದುಂಟು. ನ್ಯುಮೋಕಾಕಸ್ಸಿಗೆ ವಿರೋಧವಾದ ಲಸಿಕೆಯನ್ನು 2021ರಿಂದ ನಮ್ಮ ದೇಶದಲ್ಲೆಲ್ಲಾ ಸರಕಾರದವರು ಧರ್ಮಾರ್ಥವಾಗಿ ಹಾಕುತ್ತಾರೆ: ಆರು ವಾರ, ಹದಿನಾಲ್ಕು ವಾರ, ಒಂಭತ್ತು ತಿಂಗಳು, ಈ ಮೂರು ಸಮಯಗಳಲ್ಲಿ. ಮೊದಲ ಆರು ತಿಂಗಳು ಮೊಲೆಹಾಲನ್ನು ಮಾತ್ರ ಕೊಡಿರಿ. ಒಲೆಯ ಹೊಗೆಯಿಂದ ಕೂಸನ್ನು ದೂರವಿಡಿರಿ.

ಮಕ್ಕಳು ಕರ್ತನು ನಮ್ಮ ವಶಕ್ಕೆ ಕೊಟ್ಟ ಸ್ವಾಸ್ತ್ಯ. ಅವರ ಒಂದೊಂದು ಉಸಿರೂ ಆತನ ದಾನವಾಗಿರುವದರಿಂದ ಅದನ್ನು ಎಣಿಸಿ ನೋಡುವದೂ ನಮ್ಮ ಭಕ್ತಿಗೆ ಸೇರಿದ್ದೇ.

ಮನೆಯ ಆರಾಧನೆಯಲ್ಲಿ ಕೇಳತಕ್ಕ ಪ್ರಶ್ನೆಗಳು

1. ಎಂಟು ತಿಂಗಳ ಕೂಸು ನಿಮಿಷಕ್ಕೆ ಎಷ್ಟು ಸಾರಿ ಉಸಿರಾಡಿದರೆ ಅದೇ ದಿನ ತೋರಿಸಬೇಕು?
2. ಒಡನೆ ದೊಡ್ಡ ಆಸ್ಪತ್ರೆಗೆ ಒಯ್ಯಬೇಕಾದ ಗುರುತುಗಳು ಯಾವವು?
3. ಕೂಸು ಚೇತರಿಸಿಕೊಂಡರೂ ಔಷಧವನ್ನು ನಡುವೆ ನಿಲ್ಲಿಸಬಾರದು ಯಾಕೆ?
4. ಹಿಜ್ಕೀಯನ ಚರಿತ್ರೆಯು ಪ್ರಾರ್ಥನೆಯ ವಿಷಯದಲ್ಲಿಯೂ ಔಷಧದ ವಿಷಯದಲ್ಲಿಯೂ ನಮಗೇನು ಕಲಿಸುತ್ತದೆ?