ಟೆಂಟ್ ಹೊತ್ತ ಪುಟಾಣಿ ಕಾರು: ಒಂದು ಏರಿನ ಲೆಕ್ಕ

ಬ್ರಿಟನ್, ಜರ್ಮನಿಗಳಲ್ಲಿ ಹಳೆಯ ಮೈಕ್ರೋಕಾರ್ ಪ್ರಿಯರ ಕ್ಲಬ್‌ಗಳಿವೆ. ವಾರಾಂತ್ಯದಲ್ಲಿ ಟೆಂಟ್ ತುಂಬಿಕೊಂಡು ಹಳ್ಳಿ ಕಡೆ ಹೊರಡೋದು ಇವರ ಖುಷಿ. "ಆ ಡಬ್ಬಿ ಗುಡ್ಡ ಹತ್ತುತ್ತಾ?" ಅಂತೀರಾ? ಲೆಕ್ಕ ಹಾಕೇ ನೋಡೋಣ.

ಉದಾಹರಣೆಗೆ ಮೆಸ್ಸರ್‌ಶ್ಮಿಟ್ ಕೆಆರ್200. 1955ರಿಂದ 1964ರವರೆಗೆ ಜರ್ಮನಿಯಲ್ಲಿ ತಯಾರಾದ ಮೂರು ಚಕ್ರದ ಕಾರು. 191 ಸಿಸಿ ಟೂ-ಸ್ಟ್ರೋಕ್ ಎಂಜಿನ್, 10 ಅಶ್ವಶಕ್ತಿ (ಸುಮಾರು 7.4 ಕಿಲೋವ್ಯಾಟ್), ತೂಕ ಸುಮಾರು 230 ಕೆಜಿ.

ಗೇರು, ಚೈನಿನಲ್ಲಿ 20% ಶಕ್ತಿ ನಷ್ಟ ಅಂದುಕೊಳ್ಳಿ. ಚಕ್ರಕ್ಕೆ ಸಿಗೋದು 5.9 ಕಿಲೋವ್ಯಾಟ್. ರಸ್ತೆ 100 ಮೀಟರಿಗೆ 10 ಮೀಟರ್ ಏರುತ್ತದೆ.

ಚಾಲಕ ಒಬ್ಬನೇ: ಒಟ್ಟು 300 ಕೆಜಿ. ಎಳೆಯಬೇಕಾದ ಬಲ 300 × 9.81 × 0.1 = 294 ನ್ಯೂಟನ್. ಶಕ್ತಿಯನ್ನು ಬಲದಿಂದ ಭಾಗಿಸಿದರೆ ವೇಗ: ಗಂಟೆಗೆ ಸುಮಾರು 72 ಕಿಮೀ.

ಗೆಳೆಯ, ಟೆಂಟ್, ಸ್ಟೋವ್ ಸೇರಿ ಇನ್ನೂ 100 ಕೆಜಿ: ಬಲ 392 ನ್ಯೂಟನ್, ವೇಗ 54 ಕಿಮೀ.

ಗಾಳಿಯ ತಡೆ, ಟೈರಿನ ಘರ್ಷಣೆ ಸೇರಿಸಿದರೆ ಎರಡೂ ಇನ್ನಷ್ಟು ಇಳಿಯುತ್ತವೆ. ಎಂಜಿನ್ ಸರಿಯಾದ ಆರ್‌ಪಿಎಂನಲ್ಲಿ ಇಲ್ಲದಿದ್ದರೆ ಪೂರ್ತಿ ಶಕ್ತಿಯೂ ಸಿಗಲ್ಲ. ಅದಕ್ಕೇ ಏರು ಶುರುವಾಗುವ ಮೊದಲೇ ಗೇರ್ ಇಳಿಸಬೇಕು.

ಚಾಲಕನೂ ಸೇರಿ 970 ಕೆಜಿ ತೂಗುವ ಕಾರಿಗೆ ಅದೇ 100 ಕೆಜಿ ಬರೀ 10% ಹೊರೆ, ಇಲ್ಲಿ 33%. ಹಗುರ ಗಾಡಿಗೆ ಪ್ರತಿ ಕಿಲೋ ಭಾರಿಯೇ.

ಇನ್ನೊಂದು ಮಜಾ: ಇದರಲ್ಲಿ ರಿವರ್ಸ್ ಗೇರೇ ಇಲ್ಲ! ಎಂಜಿನ್ ನಿಲ್ಲಿಸಿ, ಉಲ್ಟಾ ತಿರುಗುವಂತೆ ಸ್ಟಾರ್ಟ್ ಮಾಡಬೇಕು. ಆಗ ಹಿಂದಕ್ಕೂ ನಾಲ್ಕು ಗೇರ್!

ಈಗ ನಿಮ್ಮ ಸರದಿ: ನಿಮ್ಮ ಸ್ಕೂಟರಿಗೆ ಇದೇ ಲೆಕ್ಕ ಹಾಕಿ. ಒಮ್ಮೆ ಒಬ್ಬರೇ, ಇನ್ನೊಮ್ಮೆ ಹಿಂದೆ ರೂಮ್‌ಮೇಟ್ ಕೂರಿಸಿಕೊಂಡು.